ಅಮ್ಮನ ವಿಮಾ ಕ್ಲೇಮಿನಲ್ಲಿ ಕಡಿತವಾದ 52,500 ರೂಪಾಯಿ ಮರಳಿ ಬಂದ ಬಗೆ

ಅಮ್ಮನ ಎಡ ಮಂಡಿಯ ಕೀಲು ಬದಲಾವಣೆ ಶಸ್ತ್ರಚಿಕಿತ್ಸೆ ಮೈಸೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ನಡೆದಾಗ, 5 ಲಕ್ಷ ರೂಪಾಯಿಯ ಆರೋಗ್ಯ ವಿಮೆ ಇದ್ದುದರಿಂದ ಹಣದ ಚಿಂತೆ ಇಲ್ಲವೆಂದೇ ನಂಬಿದ್ದೆ. ಈ ಚಿಕಿತ್ಸೆಗೆ ಪಾಲಿಸಿಯಲ್ಲಿದ್ದ ಎರಡು ವರ್ಷದ ಕಾಯುವ ಅವಧಿ (ಪಾಲಿಸಿ ಕೊಂಡ ಮೇಲೆ ಈ ಚಿಕಿತ್ಸೆಗೆ ವಿಮೆಯ ಹಣ ಸಿಗದ ಅವಧಿ) ಮುಗಿದಿತ್ತು. ನಗದುರಹಿತ ಚಿಕಿತ್ಸೆಗೆ ಒಪ್ಪಿಗೆಯೂ ಸಿಕ್ಕಿತ್ತು. ಡಿಸ್ಚಾರ್ಜ್ ದಿನ ವಿಮಾ ಕಂಪನಿಯ ಅಂತಿಮ ಒಪ್ಪಿಗೆಗಾಗಿ ಆರು ಗಂಟೆ ಕಾದೆವು (ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರ ಮೇ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಮೂರು ಗಂಟೆ ಮೀರಬಾರದು). ಒಪ್ಪಿಗೆ ಬಂದಾಗ ನಾವೇ ಕಟ್ಟಬೇಕಾದ 97,500 ರೂಪಾಯಿ ಉಳಿದಿತ್ತು.

ಕಾರಣ ಕೊಠಡಿ ಬಾಡಿಗೆ. ಪಾಲಿಸಿಯಲ್ಲಿ ಅದು ದಿನಕ್ಕೆ ವಿಮಾ ಮೊತ್ತದ ಶೇ 1ರಷ್ಟಕ್ಕೆ, ಅಂದರೆ 5,000 ರೂಪಾಯಿಗೆ ಸೀಮಿತವಾಗಿತ್ತು. ರಾತ್ರಿ ಅಕ್ಕ ಜೊತೆಗಿರಲು ಅನುಕೂಲವಾಗಲೆಂದು ನಾವು ಪಡೆದದ್ದು 8,000 ರೂಪಾಯಿಯ ಕೊಠಡಿ. ನಾಲ್ಕು ದಿನಕ್ಕೆ ಹೆಚ್ಚುವರಿ 12,000 ರೂಪಾಯಿ ನಮ್ಮ ಕೈಯಿಂದ ಹೋಗುತ್ತದೆ ಎಂದಷ್ಟೇ ನಾನು ಲೆಕ್ಕ ಹಾಕಿದ್ದೆ. ಆದರೆ ಮಿತಿ ಮೀರಿದ ಕೊಠಡಿಯನ್ನು ಆರಿಸಿಕೊಂಡರೆ, ಅದೇ ಅನುಪಾತದಲ್ಲಿ ಉಳಿದ ಖರ್ಚುಗಳನ್ನೂ ಕಡಿತಗೊಳಿಸುವ ಷರತ್ತು ಪಾಲಿಸಿಯಲ್ಲಿತ್ತು. ಕಂಪನಿ 2,60,000 ರೂಪಾಯಿಯ ಇಡೀ ಬಿಲ್ಲಿಗೆ ಎಂಟರಲ್ಲಿ ಐದು ಭಾಗವನ್ನಷ್ಟೇ ಕೊಟ್ಟಿತ್ತು.

ಹಣ ಕಟ್ಟಿ ಅಮ್ಮನನ್ನು ಮನೆಗೆ ಕರೆತಂದ ಮೇಲೆ ಪಾಲಿಸಿಯನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ಅನುಪಾತದ ಕಡಿತ ಯಾವುದಕ್ಕೆ ಅನ್ವಯಿಸಬಾರದು ಎಂಬುದನ್ನು ಐಆರ್‌ಡಿಎಐ 2020ರಲ್ಲೇ ಸ್ಪಷ್ಟಪಡಿಸಿದೆ: ಔಷಧಿ, ಬಳಸಿ ಬಿಸಾಡುವ ಸಾಮಗ್ರಿ, ದೇಹದೊಳಗೆ ಅಳವಡಿಸುವ ಸಾಧನ, ತಪಾಸಣೆಗಳು ಮತ್ತು ಐಸಿಯು ಶುಲ್ಕ. ಕೊಠಡಿಗೆ ತಕ್ಕಂತೆ ದರ ಬದಲಾಗದ ಖರ್ಚಿಗೂ ಈ ಕಡಿತ ಸಲ್ಲದು. ಅಮ್ಮನ ಬಿಲ್ಲಿನಲ್ಲಿ ಕೃತಕ ಕೀಲಿಗೆ 80,000, ಔಷಧಿ ಮತ್ತು ಸಾಮಗ್ರಿಗೆ 42,000, ತಪಾಸಣೆಗೆ 18,000 ರೂಪಾಯಿ ಇತ್ತು. ಅಮ್ಮ ಜನರಲ್ ವಾರ್ಡಿನಲ್ಲಿದ್ದರೂ ಆ ಕೃತಕ ಕೀಲಿಗೆ ಅಷ್ಟೇ ಬೆಲೆ ತೆರಬೇಕಾಗಿತ್ತು. ಈ 1,40,000 ರೂಪಾಯಿಯಲ್ಲಿ ಕಡಿತವಾದ 52,500 ರೂಪಾಯಿ ನಮಗೆ ನ್ಯಾಯವಾಗಿ ಬರಬೇಕಾದ ಹಣ. ಶಸ್ತ್ರವೈದ್ಯರ, ಅರಿವಳಿಕೆ ತಜ್ಞರ ಮತ್ತು ಶಸ್ತ್ರಚಿಕಿತ್ಸಾ ಕೊಠಡಿಯ ದರಗಳು ಆ ಆಸ್ಪತ್ರೆಯಲ್ಲಿ ಕೊಠಡಿಗೆ ತಕ್ಕಂತೆ ಏರುತ್ತಿದ್ದುದರಿಂದ, ಅವುಗಳ ಮೇಲಿನ ಮತ್ತು ಬಾಡಿಗೆಯ ಮೇಲಿನ ಕಡಿತ ಸೇರಿ 45,000 ರೂಪಾಯಿಯನ್ನು ನಾನು ಪ್ರಶ್ನಿಸಲಿಲ್ಲ.

ಆಸ್ಪತ್ರೆಯಿಂದ ಬಾಬ್ತುವಾರು ಬಿಲ್ಲನ್ನೂ ಕೊಠಡಿವಾರು ದರಪಟ್ಟಿಯನ್ನೂ, ಕಂಪನಿಯ ಪರವಾಗಿ ಕ್ಲೇಮು ನಿರ್ವಹಿಸುವ ಸಂಸ್ಥೆಯಾದ ಟಿಪಿಎಯಿಂದ ಕಡಿತದ ವಿವರವನ್ನೂ ಲಿಖಿತವಾಗಿ ಪಡೆದೆ. ಅವೆಲ್ಲವನ್ನೂ ಸೇರಿಸಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಬರೆದಾಗ, ‘ಪಾಲಿಸಿಯ ಷರತ್ತಿನಂತೆ ಇತ್ಯರ್ಥವಾಗಿದೆ’ ಎಂಬ ಒಂದೇ ಸಾಲಿನ ಉತ್ತರ ಬಂತು. ನನ್ನ ಒಂದು ಅಂಕಿಯನ್ನೂ ಅವರು ಅಲ್ಲಗಳೆದಿರಲಿಲ್ಲ; ಅದೇ ನನಗೆ ಧೈರ್ಯ ಕೊಟ್ಟಿತು. ಆ ಉತ್ತರವನ್ನೂ ಲಗತ್ತಿಸಿ, ವಿಮಾ ಕಂಪನಿಗಳ ವಿರುದ್ಧದ ದೂರುಗಳನ್ನು ಇತ್ಯರ್ಥಪಡಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಸಲ್ಲಿಸಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರನ್ನು ಇಡುವಂತಿಲ್ಲ. ಕಂಪನಿಯ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು. ಕಂಪನಿ ಉತ್ತರಿಸದಿದ್ದರೆ ಒಂದು ತಿಂಗಳು ಕಾದು ಹೋಗಬಹುದು. ಒಂದೇ ಪುಟದಲ್ಲಿ ಬಿಲ್ಲಿನ ಬಾಬ್ತು, ಕೊಟ್ಟ ಹಣ, ಕೊಡಬೇಕಾದ ಹಣ ಎಂದು ಮೂರು ಕಲಮುಗಳಲ್ಲಿ ಬರೆದದ್ದೇ ಅತ್ಯಂತ ಉಪಯೋಗಕ್ಕೆ ಬಂತೆಂದು ನನ್ನ ಅನಿಸಿಕೆ, ಏಕೆಂದರೆ ವಿಚಾರಣೆಯ ಮಾತೆಲ್ಲ ಆ ಪುಟದ ಸುತ್ತಲೇ ನಡೆಯಿತು. ತೀರ್ಪಿನವರೆಗೂ ಹೋಗದೆ, ಕಂಪನಿಯೇ 52,500 ರೂಪಾಯಿ ಕೊಡಲು ಒಪ್ಪಿತು.

ಅಮ್ಮನ ಬಲ ಮಂಡಿಯ ಶಸ್ತ್ರಚಿಕಿತ್ಸೆ ಇನ್ನೂ ಬಾಕಿ ಇದೆ. ಅದಕ್ಕಾಗಿ ನವೀಕರಣಕ್ಕೆ ಮುಂಚೆಯೇ ಕೊಠಡಿ ಬಾಡಿಗೆಯ ಮಿತಿ ಇಲ್ಲದ ಪಾಲಿಸಿಗೆ ಪೋರ್ಟ್ ಮಾಡಲು, ಅಂದರೆ ವಿಮೆಯನ್ನು ಬೇರೆ ಕಂಪನಿಗೆ ವರ್ಗಾಯಿಸಿಕೊಳ್ಳಲು, ಅರ್ಜಿ ಹಾಕಿದೆ. ಒಂದು ಕಂಪನಿ ಒಪ್ಪಲಿಲ್ಲ, ಮತ್ತೊಂದು ಹೆಚ್ಚಿನ ಪ್ರೀಮಿಯಂಗೆ ಒಪ್ಪಿತು. ಕಳೆದ ಕಾಯುವ ಅವಧಿಯ ಲಾಭ ಹಳೆಯ ವಿಮಾ ಮೊತ್ತಕ್ಕಷ್ಟೇ ಮುಂದುವರಿಯುವುದರಿಂದ, ಮೊತ್ತವನ್ನು ಸದ್ಯಕ್ಕೆ 5 ಲಕ್ಷದಲ್ಲೇ ಉಳಿಸಿಕೊಂಡಿದ್ದೇನೆ.