ಬೈಂಡ್ ಬಿಚ್ಚಿ ಹಳೆ ಕಾಮಿಕ್ಸ್ ಉಳಿಸಿದ್ದು: ನನ್ನ ಅನುಭವ

"ಬೈಂಡ್ ಆದ ಕಾಮಿಕ್ಸ್ ಸತ್ತ ಕಾಮಿಕ್ಸ್." ಹಳೆ ಕಾಮಿಕ್ಸ್ ಕೂಡಿಸುವವರಲ್ಲಿ ಈ ಮಾತು ಕೇಳದವರು ಇರಲಿಕ್ಕಿಲ್ಲ. ಬೈಂಡ್ ಅಂದರೆ ಬಾಡಿಗೆಗೆ ಪುಸ್ತಕ ಕೊಡುವ ಲೈಬ್ರರಿಯವರು ಐದಾರು ಕಾಮಿಕ್ಸ್ ಸೇರಿಸಿ ಹೊಲಿದು ರಟ್ಟು ಹಾಕಿಸಿದ ಪುಸ್ತಕ. ಅದರಿಂದ ಬಿಡಿ ಪ್ರತಿ ಮತ್ತೆ ಸರಿಯಾಗಿ ಬಾರದು ಅನ್ನೋದು ಆ ಮಾತಿನ ಅರ್ಥ. ಮೊದಲು ನಾನೂ ಇದನ್ನೇ ನಂಬಿದ್ದೆ. ಈಗ ನನ್ನ ಕಪಾಟಿನಲ್ಲಿ ಸುಮಾರು 640 ಕನ್ನಡ ಕಾಮಿಕ್ಸ್ ಇವೆ. ಅದರಲ್ಲಿ 400ಕ್ಕೂ ಜಾಸ್ತಿ ಬೈಂಡ್ ಬಿಚ್ಚಿ ತೆಗೆದವು. ಅಮರ ಚಿತ್ರ ಕಥೆಯ ಮೊದಲ ಹತ್ತರಲ್ಲಿ ಆರು ನನ್ನ ಹತ್ತಿರ ಇವೆ. ಆರೂ ಸಿಕ್ಕಿದ್ದು ಬೈಂಡ್ ಒಳಗೇ. ನನಗೆ ಗೊತ್ತಿರುವವರಲ್ಲಿ ಬೇರೆ ಯಾರ ಹತ್ತಿರವೂ ಮೂರಕ್ಕಿಂತ ಜಾಸ್ತಿ ಇಲ್ಲ.

ಆ ಮೊದಲ ಹತ್ತಕ್ಕೆ ಯಾಕೆ ಅಷ್ಟು ಬೆಲೆ ಅಂತ ಹೇಳುತ್ತೇನೆ. ಇಂಗ್ಲಿಷ್ ಸರಣಿ 11ನೇ ನಂಬರಿನಿಂದ, ಕೃಷ್ಣನ ಕಥೆಯಿಂದ ಶುರುವಾಗುತ್ತದೆ. ಅದಕ್ಕೂ ಮುಂಚಿನ ಹತ್ತು ಬಂದದ್ದು ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಯೋಚನೆಯಿಂದ ಹುಟ್ಟಿದ ಪುಸ್ತಕಗಳು ಅವು. ಸಿಂಡ್ರೆಲ್ಲಾ, ಪಿನೋಕಿಯೋ, ಅಲ್ಲಾದೀನ್, ಎಲ್ಲ ಹೊರಗಿನ ಮಕ್ಕಳ ಕಥೆಗಳು. ನಮ್ಮ ಪುರಾಣದ ಕಥೆಗಳು ಬಂದದ್ದು ಆಮೇಲೆ, ಕಾರ್ಕಳದ ಅನಂತ ಪೈ ಅವರ ಕೈಯಲ್ಲಿ. ಇಡೀ ದೇಶ ಓದಿದ ಒಂದು ಸರಣಿ ಕನ್ನಡದಲ್ಲಿ ಮೊದಲು ಹುಟ್ಟಿತು ಅನ್ನೋದು ನನಗೆ ಇವತ್ತಿಗೂ ಮೈ ಜುಮ್ ಅನ್ನಿಸುವ ಸಂಗತಿ. ಆ ಪುಸ್ತಕಗಳು ಕನ್ನಡದವರ ಮನೆಯಲ್ಲೇ ಸಿಗದೇ ಹೋಗಬಾರದು ಅಂತಲೇ ನಾನು ಇದಕ್ಕೆ ಇಳಿದದ್ದು.

ಶುರುವಿನ ನಾಲ್ಕು ವರ್ಷ ಎಲ್ಲರ ಹಾಗೆ ಬಿಡಿ ಪ್ರತಿಗಳ ಹಿಂದೆ ಬಿದ್ದೆ. ಬೆಂಗಳೂರಿನ ಅವೆನ್ಯೂ ರಸ್ತೆ, ಭಾನುವಾರದ ಸಂತೆ, ಹೈದರಾಬಾದಿನ ಅಬಿಡ್ಸ್ ಫುಟ್‌ಪಾತ್, ಆಮೇಲೆ ಆನ್‌ಲೈನ್ ಹರಾಜು. ಕೈಬಿಟ್ಟ ಹಣ 70 ಸಾವಿರದ ಹತ್ತಿರ ಇರಬಹುದು. ಒಂದು ಏಟು ಇನ್ನೂ ನೆನಪಿದೆ. ಕನ್ನಡದ ಕೃಷ್ಣ, ಮೊದಲ ಮುದ್ರಣ ಅಂತ ಹೇಳಿ ಒಬ್ಬರು ₹6,500 ತೆಗೆದುಕೊಂಡರು. ಪಾರ್ಸೆಲ್ ಬಂದ ಮೇಲೆ ಹಿಂದಿನ ರಕ್ಷಾಪುಟ ನೋಡಿದೆ. ಅಲ್ಲಿನ ಪುಸ್ತಕಗಳ ಪಟ್ಟಿ ನೂರು ದಾಟಿ ಹೋಗಿತ್ತು. ನೂರನೇ ಪುಸ್ತಕ ಬಂದ ಮೇಲೆ ಅಚ್ಚಾದದ್ದು ಮೊದಲ ಮುದ್ರಣ ಹೇಗಾಗುತ್ತದೆ? ಅವತ್ತಿನಿಂದ ಮುಖಪುಟದ ಫೋಟೋ ಯಾರೇ ಕಳಿಸಲಿ, ಹಿಂಬದಿಯ ಫೋಟೋ ಬರುವ ತನಕ ನಾನು ಬೆಲೆಯ ಮಾತೇ ಎತ್ತುವುದಿಲ್ಲ.

ದಾರಿ ಬದಲಾದದ್ದು 2013ರಲ್ಲಿ, ಸಾಗರದ ಕಡೆ ಒಂದು ಊರಿನಲ್ಲಿ. ಮುಚ್ಚಿ ಎಷ್ಟೋ ವರ್ಷವಾದ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ. ನಡೆಸುತ್ತಿದ್ದವರು ತೀರಿಕೊಂಡಿದ್ದರು. ಅವರ ಹೆಂಡತಿ ಅಟ್ಟದ ಮೇಲಿಂದ 14 ಬೈಂಡ್ ಇಳಿಸಿದರು. ಒಂದೊಂದರಲ್ಲಿ ಐದೋ ಆರೋ ಕಾಮಿಕ್ಸ್. "ತಮ್ಮಾ, ಇವರು ಇದ್ದಾಗ ಒಂದು ಹಾಳೆ ಹರಿದ್ರೂ ಊಟ ಸೇರ್ತಿರಲಿಲ್ಲ. ತಗೊಂಡು ಹೋಗು. ಆದ್ರೆ ತೂಕಕ್ಕೆ ಮಾತ್ರ ಕೊಡೋದಿಲ್ಲ" ಅಂದರು. ಒಂದು ಬೈಂಡ್ ಅರ್ಧ ಕೆಜಿ ಬಂದರೆ ಹೆಚ್ಚು. ರದ್ದಿ ಲೆಕ್ಕದಲ್ಲಿ ಎಲ್ಲ ಸೇರಿ ನೂರು ರೂಪಾಯಿಯೂ ಆಗುತ್ತಿರಲಿಲ್ಲ. ನಾನು ₹3,000 ಕೊಟ್ಟೆ. "ಜಾಸ್ತಿ ಆಯ್ತಲ್ಲ ತಮ್ಮಾ" ಅಂತ ಅವರೇ ಐನೂರು ವಾಪಸ್ ಕೊಡಲು ಬಂದರು. ನಾನು ತೆಗೆದುಕೊಳ್ಳಲಿಲ್ಲ.

ಬೆಂಗಳೂರಿಗೆ ತಂದು ಒಬ್ಬ ಹಿರಿಯ ವ್ಯಾಪಾರಿಗೆ ತೋರಿಸಿದೆ. ಅವರು ಮುಟ್ಟಲೂ ಇಲ್ಲ. "ಸಾರ್, ಮೂರು ಕಡೆ ಕಟಿಂಗ್ ಆಗಿದೆ, ದಬ್ಬಣ ಹಾಕಿ ಹೊಲಿದಿದ್ದಾರೆ. ಬಿಚ್ಚೋಕೆ ಹೋದ್ರೆ ಪುಡಿ ಆಗುತ್ತೆ. ಸುಮ್ನೆ ಓದೋಕೆ ಇಟ್ಕೊಳ್ಳಿ." ನಮ್ಮ ಗೆಳೆಯರೂ ಅದನ್ನೇ ಹೇಳಿದರು.

ಮೊದಮೊದಲು ಅವರ ಮಾತೇ ನಿಜವಾಯಿತು. ಮೊದಲ ಬೈಂಡಿನ ಬೆನ್ನಿಗೆ ಕುಕ್ಕರಿನ ಹಬೆ ಹಿಡಿದೆ. ಅಂಟು ಕರಗಿತು, ನಿಜ. ಆದರೆ ಹಬೆ ಒಳಗೂ ಹೋಯಿತು. ಒಳಗಿನ ಹಾಳೆಗಳು ಬರೀ ಅಲೆಯಾದವು, ಅದನ್ನು ಭಾರ ಇಟ್ಟು ಸರಿ ಮಾಡಬಹುದು. ಕೆಟ್ಟದ್ದು ರಕ್ಷಾಪುಟಗಳು. ಅವು ನುಣುಪು ಲೇಪದ ಕಾಗದ. ತೇವ ತಗುಲಿದರೆ ಆ ಲೇಪವೇ ಅಂಟಾಗುತ್ತದೆ. ಒಂದರ ಹಿಂಬದಿ ಇನ್ನೊಂದರ ಮುಖಕ್ಕೆ ಕಚ್ಚಿಕೊಂಡಿತು. ಎಳೆದಾಗ ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂತು. ಆರರಲ್ಲಿ ಐದು ಹಾಳಾದವು. ಎರಡನೇ ಬೈಂಡಿಗೆ ಹಬೆ ಬೇಡ ಅಂತ ಒಣಗಿದ್ದಾಗಲೇ ಬ್ಲೇಡ್ ಹಾಕಿದೆ. ಬೆನ್ನಿನ ಮಡಿಕೆ ಕತ್ತರಿಸಿ ಹೋಗಿ ಪುಸ್ತಕ ಬಿಡಿ ಹಾಳೆಗಳಾಯಿತು. ಮೂರನೆಯದರಲ್ಲಿ ಅಲೆಯಾದ ಹಾಳೆಗೆ ಇಸ್ತ್ರಿ ಇಟ್ಟೆ. ನ್ಯೂಸ್‌ಪ್ರಿಂಟ್ ಮೊದಲೇ ಬಿಸಿಗೆ ಆಗದ ಕಾಗದ, ಇಸ್ತ್ರಿ ಮಾಡಿದ ಕಡೆ ಎರಡೇ ತಿಂಗಳಲ್ಲಿ ಕಂದು ಪಟ್ಟಿ ಎದ್ದಿತು. ಹೀಗೆ ಒಟ್ಟು ಹನ್ನೊಂದು ಪ್ರತಿ ಕಳೆದುಕೊಂಡೆ. ಅವುಗಳಲ್ಲಿ ಸಿಂಡ್ರೆಲ್ಲಾ ಇತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಉಳಿದ 11 ಬೈಂಡುಗಳನ್ನು ಬಟ್ಟೆಯಲ್ಲಿ ಸುತ್ತಿ ಒಂದೂವರೆ ವರ್ಷ ಮುಟ್ಟಲಿಲ್ಲ.

ಆ ಒಂದೂವರೆ ವರ್ಷದಲ್ಲಿ ಮಾಡಿದ್ದು ಒಂದೇ ಕೆಲಸ. ಸಣ್ಣ ಊರುಗಳ ಹಳೆ ಬೈಂಡರ್‌ಗಳ ಹತ್ತಿರ ಕೂತು ಅವರ ಕೈ ನೋಡಿದೆ. ಅಲ್ಲಿ ತಿಳಿದದ್ದು ಇದು. ಲೈಬ್ರರಿಯವರು ಬೇಗ ಮತ್ತು ಕಡಿಮೆ ಖರ್ಚಿನಲ್ಲಿ ಬೈಂಡ್ ಮಾಡಿಸುತ್ತಿದ್ದರು. ಹಾಗಾಗಿ ಬೈಂಡರ್ ಕಾಮಿಕ್ಸಿನ ಪಿನ್ನು ತೆಗೆಯುತ್ತಲೇ ಇರಲಿಲ್ಲ. ಐದಾರು ಪುಸ್ತಕ ಇದ್ದ ಹಾಗೇ ಜೋಡಿಸಿ, ಬೆನ್ನಿನಿಂದ ಕಾಲು ಇಂಚು ಒಳಗೆ ದಬ್ಬಣದಿಂದ ಮೂರು ತೂತು ಹಾಕಿ ಹೊಲಿಯುತ್ತಿದ್ದ. ಅಂದರೆ ಪ್ರತಿ ಪುಸ್ತಕದ ಮಡಿಕೆ ಒಳಗೆ ಇಡಿಯಾಗೇ ಉಳಿದಿದೆ. ಹಾನಿ ಅಂದರೆ ಮೂರು ತೂತು ಮತ್ತು ಅಂಚಿನ ಕಟಿಂಗ್ ಅಷ್ಟೇ. ಇನ್ನೊಂದು ಮಾತು. ರಟ್ಟಿಗೆ ಅಂಟುವುದು ಮೊದಲ ಪುಸ್ತಕದ ಮುಖ, ಕೊನೆಯ ಪುಸ್ತಕದ ಹಿಂಬದಿಯ ರಕ್ಷಾಪುಟ, ಇವೆರಡೇ. ಮಧ್ಯದ ನಾಲ್ಕು ಬಿಸಿಲು, ಧೂಳು, ಬೆರಳು ಯಾವುದೂ ಸೋಕದೆ ಮಲಗಿರುತ್ತವೆ. ಬಿಡಿ ಪ್ರತಿಯಲ್ಲಿ ಅಂಥ ಬಣ್ಣ ನಾನು ಒಂದೋ ಎರಡೋ ಸಲ ನೋಡಿರಬಹುದು.

ಬಿಚ್ಚುವ ಮೊದಲು ಯಾವ ಅಂಟು ಅಂತ ಗೊತ್ತಾಗಬೇಕು. ಬೆನ್ನಿನಿಂದ ಚೂರು ಕೆರೆದು ಅದರ ಮೇಲೆ ಮೆಡಿಕಲ್ ಶಾಪಿನ ಟಿಂಕ್ಚರ್ ಅಯೋಡಿನ್ ಒಂದು ಹನಿ ಹಾಕಿ. ಕಪ್ಪು ನೀಲಿ ಆದರೆ ಮೈದಾ ಅಂಟು. ಬಣ್ಣ ತಿರುಗದೆ, ಬಿಸಿ ನೀರಿಗೆ ಜಿಗುಟಾಗಿ ಚರ್ಮದ ವಾಸನೆ ಬಂದರೆ ಮರವಜ್ರ, ಅಂದರೆ ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ಮಾಡುವ ಅಂಟು. ಎರಡೂ ಒಳ್ಳೆಯ ಸುದ್ದಿ, ಎರಡೂ ತೇವಕ್ಕೆ ಬಿಡುತ್ತವೆ. ರಬ್ಬರಿನ ಹಾಗೆ ಎಳೆದರೆ ಅದು ಬಿಳಿ ಗೋಂದು. ಅದಕ್ಕೆ ಕೈ ಹಾಕಬೇಡಿ. ಅಂಥ ಒಂಬತ್ತು ಬೈಂಡ್ ನಾನು ಹಾಗೇ ಇಟ್ಟಿದ್ದೇನೆ.

ನೀರಿನ ಬದಲು ನಾನು ಬಳಸಿದ್ದು ಮೀಥೈಲ್ ಸೆಲ್ಯುಲೋಸ್. ಪುಡಿಯನ್ನು ನೀರಿನಲ್ಲಿ ನೆನೆಸಿದರೆ ಗಂಜಿಯ ಹಾಗೆ ಗಟ್ಟಿ ಲೋಳೆ ಆಗುತ್ತದೆ. ಅದನ್ನು ಬೆನ್ನಿಗೆ ಮಾತ್ರ ಮೆತ್ತಿದರೆ ತೇವ ನಿಧಾನಕ್ಕೆ ಅಂಟಿಗೆ ಇಳಿಯುತ್ತದೆ, ಒಳಗೆ ಹರಿಯುವುದಿಲ್ಲ. ಅಂಟು ಮೆತ್ತಗಾದಾಗ ಬಿದಿರಿನ ಚೂರಿನಿಂದ ಕೆರೆದು ತೆಗೆಯುತ್ತೇನೆ, ಸ್ಟೀಲ್ ಬೇಡವೇ ಬೇಡ. ದಾರವನ್ನು ಎಳೆಯಬಾರದು. ಪ್ರತಿ ಹೊಲಿಗೆಯನ್ನೂ ಕತ್ತರಿಸಿ ಚಿಮಟದಿಂದ ಎತ್ತಬೇಕು. ಲೋಳೆ ಎಷ್ಟು ಗಟ್ಟಿ ಇರಬೇಕು, ಎಷ್ಟು ಹೊತ್ತು ಇಡಬೇಕು, ಅದರ ಮೇಲೆ ಏನು ಮುಚ್ಚಬೇಕು ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಹನ್ನೊಂದು ಪ್ರತಿ ಕಳೆದು ಕಲಿತದ್ದು, ಅದು ನನ್ನ ಹತ್ತಿರವೇ ಇರಲಿ. ಮಳೆಗಾಲದಲ್ಲಿ ಮಾತ್ರ ಮಾಡಬೇಡಿ. ದೀಪಾವಳಿಯಿಂದ ಶಿವರಾತ್ರಿವರೆಗೆ ನನ್ನ ಕೆಲಸ ನಡೆಯುತ್ತದೆ.

ಮಲೆನಾಡಿನ ಬೈಂಡುಗಳಲ್ಲಿ ಒಂದು ವಿಚಿತ್ರ ಕಂಡೆ. ಬೆನ್ನಿನ ಹತ್ತಿರ ತಿಳಿ ಹಸಿರು ಕಲೆ, ಅಲ್ಲಿ ಕಾಗದ ಹಪ್ಪಳದ ಹಾಗೆ ಮುರಿಯುತ್ತಿತ್ತು. ಬೂಷ್ಟು ಅಂದುಕೊಂಡಿದ್ದೆ. ತೀರ್ಥಹಳ್ಳಿ ಕಡೆಯ ಒಬ್ಬ ಬೈಂಡರ್ ಹೇಳಿದರು, ಹುಳ ಬರಬಾರದು ಅಂತ ಮೈದಾಕ್ಕೆ ಮೈಲುತುತ್ತ ಹಾಕುತ್ತಿದ್ದರಂತೆ. ಅಡಿಕೆಗೆ ಹೊಡೆಯುವ ಅದೇ ಮೈಲುತುತ್ತ. ಹುಳ ಬರಲಿಲ್ಲ, ನಿಜ. ಆದರೆ ಅದರ ಹುಳಿ ಕಾಗದವನ್ನೇ ತಿಂದಿತು. ಹಸಿರು ಕಂಡ ಬೈಂಡಿಗೆ ಈಗ ನಾನು ಅರ್ಧ ಬೆಲೆ ಮಾತ್ರ ಹೇಳುತ್ತೇನೆ.

ತೂತು ಮುಚ್ಚಲು ಜಪಾನಿ ಟಿಶ್ಯೂ, ಅಂದರೆ ಹಳೆ ಪುಸ್ತಕ ರಿಪೇರಿಗೆ ಬಳಸುವ ತೆಳ್ಳನೆ ಕಾಗದ, ತರಿಸಿದ್ದೆ. ಒಂದು ಹಾಳೆಗೆ ಮುನ್ನೂರು ರೂಪಾಯಿ ಚಿಲ್ಲರೆ ಬಿತ್ತು. ಆಮೇಲೆ ಕ್ಯಾಮೆರಾ ಲೆನ್ಸ್ ಒರೆಸುವ ಟಿಶ್ಯೂ ಹಿಡಿದೆ. ಆ ಟಿಶ್ಯೂ ಹಾಳೆಗಳ ಒಂದು ಸಣ್ಣ ಕಟ್ಟು ನಲವತ್ತೋ ಐವತ್ತೋ ರೂಪಾಯಿ. ಅದನ್ನು ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿದರೆ ಹಳೆ ನ್ಯೂಸ್‌ಪ್ರಿಂಟಿನ ಬಣ್ಣಕ್ಕೆ ಸರಿಯಾಗಿ ಕೂರುತ್ತದೆ. ಹಾಲು ಹಾಕದ ಟೀ ಅಂತ ಹೇಳಬೇಕಾಗಿಲ್ಲ ಅಲ್ವಾ. ಮಾರುವಾಗ ಮಾತ್ರ ರಿಪೇರಿ ಆಗಿದೆ ಅಂತ ಹೇಳಿಯೇ ಕೊಡುತ್ತೇನೆ. ಮುಚ್ಚಿಟ್ಟು ಮಾರುವುದು ಮೋಸ.

ಹುಳದ ಬಗ್ಗೆಯೂ ಒಂದು ಪ್ರಯೋಗ ಮಾಡಿದೆ. ಒಂದು ಪೆಟ್ಟಿಗೆಗೆ ಬಜೆಯ ಗಂಟು, ಇನ್ನೊಂದಕ್ಕೆ ನುಸಿಗುಳಿಗೆ, ಮೂರನೆಯದಕ್ಕೆ ಏನೂ ಇಲ್ಲ. ಒಂದು ವರ್ಷ ಬಿಟ್ಟು ತೆರೆದೆ. ನುಸಿಗುಳಿಗೆಯ ವಾಸನೆ ಪುಸ್ತಕಕ್ಕೆ ಹಿಡಿದು ಎಂಟು ತಿಂಗಳಾದರೂ ಬಿಡಲಿಲ್ಲ. ಬಜೆಯ ಪೆಟ್ಟಿಗೆಯಲ್ಲಿ ಹುಳ ಇರಲಿಲ್ಲ. ಆದರೆ ಏನೂ ಇಡದ ಪೆಟ್ಟಿಗೆಯಲ್ಲೂ ಇರಲಿಲ್ಲ! ಹಾಗಾಗಿ ಈಗ ಹುಳ ಸಾಯಲಿ ಅಂತ ಹೊಸದಾಗಿ ಬಂದ ಪ್ರತಿ ಬೈಂಡನ್ನೂ ಗಾಳಿಯಾಡದ ಕವರಿನಲ್ಲಿ ಸೀಲ್ ಮಾಡಿ ಎರಡು ವಾರ ಫ್ರೀಜರಿನಲ್ಲಿ ಇಡುತ್ತೇನೆ. ಹೊರಗೆ ತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚುವುದಿಲ್ಲ, ಬಿಚ್ಚಿದರೆ ಕಾಗದದ ಮೇಲೆ ನೀರು ಕೂರುತ್ತದೆ. ಇದಕ್ಕಾಗಿಯೇ ₹8,000 ಕೊಟ್ಟು ಹಳೆ ಸಣ್ಣ ಡೀಪ್ ಫ್ರೀಜರ್ ತಂದೆ. ಪುಸ್ತಕ ಇಡಲು ಪಾಲಿಯೆಸ್ಟರ್ ಕವರ್. ಪಿವಿಸಿ ಬೇಡ, ಕೆಲವು ವರ್ಷಕ್ಕೆ ಅದೇ ಜಿಗುಟಾಗಿ ಬಣ್ಣ ಎತ್ತುತ್ತದೆ.

ಲೆಕ್ಕಕ್ಕೆ ಬರುತ್ತೇನೆ. ಈವರೆಗೆ ಸುಮಾರು 110 ಬೈಂಡ್ ಕೊಂಡಿದ್ದೇನೆ, ಹೆಚ್ಚಿನವು ₹150ರಿಂದ ₹400ರ ಒಳಗೆ. ಎಲ್ಲ ಸೇರಿ 30 ಸಾವಿರ ಇರಬಹುದು. ಓಡಾಟಕ್ಕೆ ಅಷ್ಟೇ ಹೋಗಿದೆ. ಸಾಮಾನು, ಫ್ರೀಜರ್, ಕವರ್ ಅಂತ ಇನ್ನೊಂದು 25 ಸಾವಿರ. ಅಂದಾಜು 85 ಸಾವಿರಕ್ಕೆ 400 ಚಿಲ್ಲರೆ ಕಾಮಿಕ್ಸ್. ಎರಡೆರಡು ಇದ್ದ 90 ಪ್ರತಿ ಮಾರಿ ಒಂದು ಲಕ್ಷದ ಹತ್ತಿರ ಬಂತು. ಮೊದಲು ಬಿಡಿ ಪ್ರತಿಗೆ 70 ಸಾವಿರ ಸುರಿದಾಗ ಸಿಕ್ಕಿದ್ದು 130, ಅದರಲ್ಲೂ ಅರ್ಧ ಮರುಮುದ್ರಣ.

ನನ್ನ ಕೆಲಸ ನೋಡಲು ಆ ಹಿರಿಯ ವ್ಯಾಪಾರಿ ಹೋದ ವರ್ಷ ಮನೆಗೆ ಬಂದಿದ್ದರು. ಬೈಂಡಿನಿಂದ ಬಂದ ಸ್ನೋ ವೈಟ್ ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದು ತೂತು ಹುಡುಕಿದರು. ಮೂರರಲ್ಲಿ ಒಂದು ಮಾತ್ರ ಸಿಕ್ಕಿತು. "ಯಾರ ಹತ್ರ ಮಾಡಿಸಿದ್ರಿ ಸಾರ್?" ಅಂದರು. ನಾನೇ ಅಂದೆ. ಹೋಗುವಾಗ ತಮ್ಮ ಗೋದಾಮಿನ ಎಂಟು ಬೈಂಡ್ ಕಳಿಸುತ್ತೇನೆ ಅಂದರು, ಕಳಿಸಿಯೂ ಬಿಟ್ಟರು. ಅದರಲ್ಲಿ ಒಂದು ತುಂಬಾ ಹಳೆಯ ಇಂಗ್ಲಿಷ್ ಇಂದ್ರಜಾಲ ಕಾಮಿಕ್ಸಿನ ಬೈಂಡ್, ಚಿತ್ರಕಾರ ಬಿ. ಗೋವಿಂದ್ ಬರೆದ ಮುಖಪುಟಗಳು. ಕೊನೆಯದರ ಹಿಂಬದಿಯ ಫ್ಯಾಂಟಮ್ ಚಿತ್ರ ರಟ್ಟಿಗೆ ಪೂರ್ತಿ ಅಂಟಿದೆ. ಅದನ್ನು ಇನ್ನೂ ಮುಟ್ಟಿಲ್ಲ, ಚಳಿಗಾಲ ಬರಲಿ.

ಪಿನೋಕಿಯೋ ಒಂದು ಬಾಕಿ ಇದೆ. ಪಿನ್ನು ತುಕ್ಕು ಹಿಡಿದು ಮಧ್ಯದ ಹಾಳೆ ಬೈಂಡ್ ಆಗುವ ಮುಂಚೆಯೇ ಉದುರಿ ಹೋಗಿದೆ. 15ರಿಂದ 18ನೇ ಪುಟ. ಉಳಿದ ಏಳು ಹಾಳೆ ಅಚ್ಚುಕಟ್ಟಾಗಿವೆ. ಯಾರ ಹತ್ತಿರವಾದರೂ ಮುಖಪುಟ ಇಲ್ಲದ, ಹರಿದ ಪಿನೋಕಿಯೋ ಇದ್ದರೂ ಆ ಒಂದು ಹಾಳೆ ಸಾಕು. ಬದಲಿಗೆ ನನ್ನ ಎರಡನೇ ಅಲ್ಲಾದೀನ್ ಕೊಡಲು ತಯಾರಿದ್ದೇನೆ.