ಬಿಲ್ಲಿಗಿಂತ ಮೊದಲು ಜಾಗ: ರೂನ್‌ಸ್ಕೇಪಿನಲ್ಲಿ ನಾನು ಬಾಣ ಹಿಡಿದ ಅನುಭವ

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬ ಆನ್‌ಲೈನ್ ಆಟದಲ್ಲಿ ವಿಝರ್ಡ್ಸ್ ಟವರ್ ಅನ್ನುವ ಗೋಪುರವಿದೆ, ಅದರ ಮೇಲಿನ ಮಹಡಿಯಲ್ಲಿ ಒಂದು ಪಂಜರ. ಒಳಗೆ 82ನೇ ಲೆವೆಲ್ಲಿನ ಲೆಸ್ಸರ್ ಡೀಮನ್. ಕೆಂಪು ಮೈ, ರೆಕ್ಕೆ, ಕೊಂಬು. ಅದು ಹೊರಗೆ ಬರಲಾರದು, ನನ್ನ ಕತ್ತಿ ಅದನ್ನು ಮುಟ್ಟಲಾರದು. ಬಾಣ ಮಾತ್ರ ಸರಳುಗಳ ನಡುವೆ ನುಸುಳಿ ಹೋಗುತ್ತದೆ. ಈ ಆಟದ ರೇಂಜಿಂಗ್ (ದೂರ ನಿಂತು ಹೊಡೆಯುವ ವಿದ್ಯೆ) ಅಂದರೇನು ಎಂದು ನನಗೆ ಅರ್ಥವಾದದ್ದು ಆ ಪಂಜರದ ಮುಂದೆ, 2019ರ ಮಳೆಗಾಲದಲ್ಲಿ, ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಹೋಗುವ ಮುಂಬಯಿಯ ಫಾಸ್ಟ್ ಲೋಕಲ್ ರೈಲಿನಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ನಿಂತಿದ್ದಾಗ.

ದಾರಿ ತೋರಿಸಿದವನು ಸೋದರಮಾವನ ಮಗ, ಮುಲುಂಡಿನ ಭಾವ. ಮಾಟುಂಗದಲ್ಲಿ ಮಾವನ ಮೆಸ್ಸಿದ್ದ ಕಾಲದಲ್ಲಿ ಅವನು ಕಾಲೇಜು ಬಿಟ್ಟ ಕೂಡಲೇ ಸೈಬರ್ ಕೆಫೆಗೆ ಹೋಗಿ ಇದೇ ಆಟ ಆಡುತ್ತಿದ್ದ. ಓಲ್ಡ್ ಸ್ಕೂಲ್ ಅನ್ನುವುದು 2007ರ ಆಗಸ್ಟಿನ ಪ್ರತಿಯಿಂದ 2013ರಲ್ಲಿ ಮತ್ತೆ ಎಬ್ಬಿಸಿದ ಆಟ. 2018ರ ಅಕ್ಟೋಬರಿನಲ್ಲಿ ಮೊಬೈಲಿಗೂ ಬಂತು. ಹಾಗಾಗಿ ಭಾವನಿಗೆ ಗೊತ್ತಿದ್ದ ಗಲ್ಲಿ, ಗುಹೆ, ಗೋಡೆ ಎಲ್ಲ ಇದ್ದಲ್ಲೇ ಇದ್ದವು. ನಾನು ಕತ್ತಿ ಹಿಡಿದು ಹಿಲ್ ಜೈಂಟುಗಳ ನಡುವೆ ನುಗ್ಗಿ ಸಾಯುವುದನ್ನು ಒಂದು ಭಾನುವಾರ ಪಕ್ಕದಲ್ಲಿ ಕೂತು ನೋಡಿದ.

"ಹ್ವಾಯ್, ಎಂತಕ್ಕೆ ಅದರ ಹತ್ರ ಹೋಪ್ದು? ದೂರ ನಿಲ್ಲ್ ಮಾರಾಯ."

"ದೂರ ನಿಂತ್ರೆ ಹೊಡಿಯೂದು ಹ್ಯಾಂಗೆ ಭಾವ?"

"ಬಿಲ್ಲು ಎಂತಕ್ಕೆ ಇಪ್ಪುದು ಮತ್ತೆ!"

ಹಸು, ಕೋಳಿಗಳ ಮೇಲೆ ಕೈ ಪಳಗಿಸಿಕೊಂಡು ರೇಂಜಿಂಗಿನಲ್ಲಿ 30ನೇ ಲೆವೆಲ್ ಆದ ಮೇಲೆ ಪಂಜರದ ಮುಂದೆ ನಿಂತೆ. ಒಂದು ಡೀಮನ್ನಿಗೆ 79 ಹಿಟ್‌ಪಾಯಿಂಟ್, ಅಂದರೆ ಜೀವದ ಅಂಕ. ಕಳೆದ ಪ್ರತಿ ಅಂಕಕ್ಕೆ ನಮಗೆ 4 ಎಕ್ಸ್‌ಪಿ (ಲೆವೆಲ್ ಏರಿಸುವ ಅನುಭವದ ಅಂಕ), ಅಂದರೆ ಒಂದನ್ನು ಕೊಂದರೆ 316. 30ರಿಂದ 50ನೇ ಲೆವೆಲ್ಲಿಗೆ 87,970 ಎಕ್ಸ್‌ಪಿ ಬೇಕು. ಸುಮಾರು 280 ಡೀಮನ್. ಆ ಲೆಕ್ಕವನ್ನು ನಾನು ಆಫೀಸಿನ ಡೈರಿಯ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದೆ, ದಿನಾ ಗೀಟು ಹಾಕುತ್ತಿದ್ದೆ.

ಅಲ್ಲಿ ಒಂದು ನಷ್ಟವಿತ್ತು. ಬಿಟ್ಟ ಬಾಣ ಗುರಿಯ ಕಾಲ ಬಳಿ ಬೀಳುತ್ತದೆ. ಬಯಲಲ್ಲಾದರೆ ಹೋಗಿ ಆರಿಸಿಕೊಳ್ಳಬಹುದು. ಪಂಜರದೊಳಗೆ ಬಿದ್ದದ್ದನ್ನು ಆರಿಸುವುದು ಹೇಗೆ? ಕಬ್ಬಿಣದ ಬಾಣ ಅಗ್ಗ ನಿಜ, ಆದರೆ ಸಾವಿರಗಟ್ಟಲೆ ಕಣ್ಣೆದುರೇ ಸರಳಿನಾಚೆ ಮಾಯವಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಫ್ಲೆಚಿಂಗ್, ಅಂದರೆ ಬಾಣ ಮಾಡುವ ಕಸುಬು, ಕಲಿತೆ. ಒಂದು ದಿಮ್ಮಿ ಸೀಳಿದರೆ 15 ಕಡ್ಡಿ, ಅದಕ್ಕೆ 15 ಗರಿ, ಕಮ್ಮಾರಿಕೆಯಲ್ಲಿ ಒಂದು ಲೋಹದ ಗಟ್ಟಿಯಿಂದ 15 ಮೊನೆ. ಗರಿಗಳನ್ನು ಪೋರ್ಟ್ ಸಾರಿಮ್ಮಿನ ಮೀನಿನ ಅಂಗಡಿಯಿಂದ ಕಟ್ಟುಗಟ್ಟಲೆ ತರುತ್ತಿದ್ದೆ. ನಿಂತೇ ಹೋಗುವ ಬೆಳಗಿನ ಲೋಕಲ್ಲಿಗೆ ಈ ಕೆಲಸ ಹೇಳಿ ಮಾಡಿಸಿದಂತಿತ್ತು. ಒಂದು ಸಲ ಒತ್ತಿದರೆ ಸಾಕು, ಕೈ ತಾನೇ ಕಟ್ಟುತ್ತಾ ಹೋಗುತ್ತದೆ, ಕುರ್ಲಾ ಬರುವ ಹೊತ್ತಿಗೆ ಬತ್ತಳಿಕೆ ತುಂಬಿರುತ್ತದೆ.

ಹೊಸಬರು ಮಾಡುವ ದೊಡ್ಡ ತಪ್ಪನ್ನು ನಾನೂ ಮಾಡಿದೆ. 50ನೇ ಲೆವೆಲ್ ಆದ ದಿನ ಕೂಡಿಟ್ಟ ದುಡ್ಡನ್ನೆಲ್ಲ ಸುರಿದು ಮ್ಯಾಜಿಕ್ ಶಾರ್ಟ್‌ಬೋ ಎಂಬ ಗಿಡ್ಡ ಬಿಲ್ಲು ಕೊಂಡೆ, ಅದಕ್ಕೆ ಹಳೆಯ ಕಬ್ಬಿಣದ ಬಾಣವನ್ನೇ ಹೂಡಿದೆ. ಏಟು 7ರ ಮೇಲೆ ಏಳಲೇ ಇಲ್ಲ. ಬಿಲ್ಲಿನದೇ ದೋಷವೇನೋ ಅಂದುಕೊಂಡೆ. ಈ ಆಟದಲ್ಲಿ ಮಾಮೂಲು ಬಿಲ್ಲು ಕೊಡುವುದು ಗುರಿಯನ್ನು, ಬಲ ಕೊಡುವುದು ಬಾಣ. ಕಬ್ಬಿಣದ ಬಾಣದ ಬಲ 10, ಸ್ಟೀಲಿನದು 16, ಮಿಥ್ರಿಲ್ 22, ಅಡಮಂಟ್ 31, ರೂನ್ 49. ಅದೇ ಬಿಲ್ಲು, ಅದೇ 50ನೇ ಲೆವೆಲ್, ರೂನ್ ಬಾಣ ಹೂಡಿದರೆ ಗರಿಷ್ಠ ಏಟು 10ಕ್ಕೆ ಏರುತ್ತದೆ. ಬಿಲ್ಲು ಚೆನ್ನಾಗಿದ್ದರೆ ಏಟು ತಪ್ಪುವುದು ಕಡಿಮೆಯಾಗುತ್ತದೆ, ತಗುಲಿದ ಏಟು ಎಷ್ಟು ಆಳ ಅನ್ನುವುದು ಮೊನೆಗೆ ಬಿಟ್ಟದ್ದು. ದುಡ್ಡು ಅಷ್ಟಕ್ಕಷ್ಟೇ ಇದ್ದರೆ ಸಾಧಾರಣ ಬಿಲ್ಲಿಗೆ ಒಳ್ಳೆಯ ಬಾಣ ಹಾಕಿ, ತಿರುಗಾಮುರುಗಾ ಮಾಡಬೇಡಿ.

ಉದ್ದ ಬಿಲ್ಲೋ ಗಿಡ್ಡ ಬಿಲ್ಲೋ ಎಂದು ಬಹಳ ಮಂದಿ ಕೇಳುತ್ತಾರೆ. ಅದಕ್ಕೆ ಟಿಕ್ ತಿಳಿದಿರಬೇಕು. ಇಡೀ ಆಟ 0.6 ಸೆಕೆಂಡಿನ ತಾಳಕ್ಕೆ ಕುಣಿಯುತ್ತದೆ, ಒಂದು ತಾಳ ಒಂದು ಟಿಕ್. ಗಿಡ್ಡ ಬಿಲ್ಲಿನ ಏಟು 4 ಟಿಕ್‌ಗೊಂದು. ರ‍್ಯಾಪಿಡ್ ಶೈಲಿಗೆ ಹಾಕಿದರೆ ಒಂದು ಟಿಕ್ ಉಳಿದು 3 ಆಗುತ್ತದೆ, ಅಂದರೆ 1.8 ಸೆಕೆಂಡ್. ಉದ್ದ ಬಿಲ್ಲು, ಅಡ್ಡಬಿಲ್ಲು ಎರಡೂ 6, ರ‍್ಯಾಪಿಡ್‌ನಲ್ಲಿ 5. ನಿಮಿಷಕ್ಕೆ ಗಿಡ್ಡ ಬಿಲ್ಲು 33 ಬಾಣ ಬಿಟ್ಟರೆ ಉದ್ದ ಬಿಲ್ಲು 20. ಒಂದೇ ಮರದ ಎರಡರ ಗುರಿಯೂ ಒಂದೇ, ಬಾಣವೂ ಒಂದೇ. ಹಾಗಾದರೆ ಉದ್ದ ಬಿಲ್ಲು ಯಾಕೆ? ಗಿಡ್ಡದ್ದು 7 ಚೌಕ ತಲುಪುತ್ತದೆ, ಉದ್ದದ್ದು 10. ಆ ಮೂರು ಚೌಕ ಬೇಕಾಗುವ ಜಾಗಗಳಿವೆ, ಆದರೆ ಕಡಿಮೆ. ನಾನು ಬಹುಪಾಲು ಗಿಡ್ಡ ಬಿಲ್ಲಿನಲ್ಲೇ, ರ‍್ಯಾಪಿಡ್‌ನಲ್ಲೇ ಆಡಿದೆ. ಡಿಫೆನ್ಸನ್ನೂ (ರಕ್ಷಣೆಯ ಲೆವೆಲ್) ಬೆಳೆಸಬೇಕಾದಾಗ ಮಾತ್ರ ಲಾಂಗ್‌ರೇಂಜ್ ಶೈಲಿ. ಡಾರ್ಟು, ನೈಫುಗಳು ಇನ್ನೂ ಚುರುಕು, ರ‍್ಯಾಪಿಡ್‌ನಲ್ಲಿ 2 ಟಿಕ್, ಆದರೆ ಶತ್ರುವಿನ ಉಸಿರು ತಾಗುವಷ್ಟು ಹತ್ತಿರ ಹೋಗಬೇಕು. ನನಗೆ ಅವು ಒಗ್ಗಲಿಲ್ಲ.

ಪಂಜರ ಬಿಟ್ಟು ಹೊರಬಂದ ಮೇಲೆ ನಿಜವಾದ ಕಲಿಕೆ ಶುರುವಾಯಿತು. ಪಂಜರವಿಲ್ಲದ ಕಡೆ ಪಂಜರವನ್ನು ನಾವೇ ಹುಡುಕಬೇಕು. ಅದಕ್ಕೇ ಸೇಫ್‌ಸ್ಪಾಟ್ ಅನ್ನುವುದು. ನಮಗೆ ನೆಲದ ಮೇಲೆ ಬೆರಳಿಟ್ಟರೆ ಬಂಡೆ ಸುತ್ತಿಕೊಂಡು ಹೋಗುವ ದಾರಿಯನ್ನು ಆಟವೇ ಹುಡುಕಿ ಕೊಡುತ್ತದೆ. ಮಾನ್‌ಸ್ಟರುಗಳಿಗೆ ಆ ಬುದ್ಧಿ ಇಲ್ಲ. ಅವು ನಮ್ಮ ಕಡೆಗೆ ನೇರ ಹೆಜ್ಜೆ ಇಡುತ್ತವೆ, ನಡುವೆ ಕಲ್ಲೋ ಕಂಬವೋ ಸಿಕ್ಕರೆ ಅಲ್ಲೇ ನಿಂತುಬಿಡುತ್ತವೆ. ಒಡಲು ದೊಡ್ಡದಾದಷ್ಟೂ ಸಿಕ್ಕಿಬೀಳುವುದು ಹೆಚ್ಚು. ಒಂದು ಡ್ರ್ಯಾಗನ್ ಉದ್ದ ಅಗಲಕ್ಕೆ 4 ಚೌಕ, ನಾನು ನುಸುಳುವ ಸಂದಿಯಲ್ಲಿ ಅದು ತೂರಲಾರದು. ನೀಲಿ ಡ್ರ್ಯಾಗನ್ನಿನ ಬೆಂಕಿ ಹತ್ತಿರ ಇದ್ದವರಿಗೆ ಮಾತ್ರ. ಅದು ತಲುಪಲಾಗದ ಕಡೆ ನಿಂತರೆ 111ನೇ ಲೆವೆಲ್ಲಿನ ಪ್ರಾಣಿ ಒಂದೇಟೂ ಹಾಕದೆ ಸಾಯುತ್ತದೆ. ಟ್ಯಾವರ್ಲಿಯ ಗುಹೆಯಲ್ಲಿ ನಾನು ಮೊದಲ ಸಂಜೆ ಒಂದೂ ಬಾಣ ಬಿಡಲಿಲ್ಲ. ಈ ಕಲ್ಲಿನ ಹಿಂದೆ, ಆ ಮೂಲೆಯಲ್ಲಿ ನಿಂತು ಡ್ರ್ಯಾಗನ್ ಎಲ್ಲಿ ತಡೆದು ನಿಲ್ಲುತ್ತದೆ ಎಂದಷ್ಟೇ ನೋಡಿದೆ. ಆ ಸಂಜೆಯಷ್ಟು ನನಗೆ ಉಪಯೋಗಕ್ಕೆ ಬಂದದ್ದು ಬೇರೊಂದಿಲ್ಲ.

ಅಡ್ಡಿಯೇ ಇಲ್ಲದ ಬಯಲಲ್ಲಿ ಕಾಲೇ ಗತಿ. ಬಾಣ ಬಿಟ್ಟ ಮೇಲೆ ಮುಂದಿನದಕ್ಕೆ ಮೂರು ಟಿಕ್ ಇರುತ್ತದಲ್ಲ, ಅಷ್ಟೂ ಹೊತ್ತು ನಿಂತು ನೋಡುವುದು ದಂಡ. ಓಡಿದರೆ ಟಿಕ್ಕಿಗೆ ಎರಡು ಚೌಕ. ಬಿಟ್ಟೆ, ಎರಡು ಹೆಜ್ಜೆ ಹಿಂದೆ, ತಿರುಗಿ ಮತ್ತೆ ಗುರಿ ಮುಟ್ಟಿದೆ. ತಾಳ ತಪ್ಪದಿದ್ದರೆ ಒಂದು ಬಾಣವೂ ನಷ್ಟವಾಗುವುದಿಲ್ಲ. ಇನ್ನೊಂದು ಸಂಗತಿ: ಬಾಣ ದೂರಕ್ಕೆ ಹಾರುವಾಗ ಏಟಿನ ಅಂಕಿ ಕಾಣುವುದು ತಡ, ಆದರೆ ಎಕ್ಸ್‌ಪಿ ಬಾಣ ಬಿಟ್ಟ ಕ್ಷಣವೇ ಬರುತ್ತದೆ. ಅದನ್ನು ನೋಡಿ 'ಇದು ಸಾಯುತ್ತದೆ' ಎಂದು ತಿಳಿದು ಮುಂದಿನ ಗುರಿಗೆ ಹೊರಳಬಹುದು.

ಕಳೆದುಹೋಗುವ ಬಾಣಗಳ ದುಃಖಕ್ಕೆ ಕೊನೆಗೂ ಪರಿಹಾರ ಸಿಕ್ಕಿದ್ದು ಡ್ರೇನರ್ ಮ್ಯಾನರಿನಲ್ಲಿ. ಅಲ್ಲಿನ ಆವಾ ಎಂಬಾಕೆಗಾಗಿ ಅನಿಮಲ್ ಮ್ಯಾಗ್ನೆಟಿಸಮ್ ಅನ್ನುವ ಕ್ವೆಸ್ಟ್ ಮುಗಿಸಿದರೆ ಬೆನ್ನಿಗೆ ಕಟ್ಟಿಕೊಳ್ಳುವ ಒಂದು ಯಂತ್ರ ಸಿಗುತ್ತದೆ. ಒಳಗೆ ಅಯಸ್ಕಾಂತ, ಜೊತೆಗೆ ಸತ್ತೂ ಸಾಯದ ಒಂದು ಕೋಳಿ. 50ನೇ ಲೆವೆಲ್ಲಿನವರಿಗೆ ಅಕ್ಯುಮುಲೇಟರ್ ಎಂಬ ಒಳ್ಳೆಯ ನಮೂನೆ. ಬಿಟ್ಟ 100 ಬಾಣದಲ್ಲಿ 72 ತಾವಾಗಿ ಬತ್ತಳಿಕೆಗೆ ಮರಳುತ್ತವೆ, 8 ನೆಲಕ್ಕೆ ಬೀಳುತ್ತವೆ, 20 ಮುರಿಯುತ್ತವೆ. ನಾನು ಅದನ್ನು ಕಟ್ಟಿಕೊಂಡು ಮತ್ತೆ ಆ ಪಂಜರದ ಮುಂದೆ ಹೋಗಿ ನಿಂತೆ. ಸರಳಿನಾಚೆ ಹೋದ ಬಾಣಗಳು ಒಂದೊಂದಾಗಿ ಮರಳಿದಾಗ ಆದ ಖುಷಿಯನ್ನು ಆಡದವರಿಗೆ ಹೇಳುವುದು ಕಷ್ಟ. ಒಂದು ಎಚ್ಚರಿಕೆ: ಮೈಮೇಲೆ ಲೋಹದ ಅಂಗಿ ಇದ್ದರೆ ಅಯಸ್ಕಾಂತ ಕೆಲಸ ಮಾಡುವುದಿಲ್ಲ. ಹೇಗೂ ಬಿಲ್ಲಿನವರಿಗೆ ಲೋಹ ಸಲ್ಲದು, ಗುರಿ ಕೆಡಿಸುತ್ತದೆ. ನಮಗೆ ಡ್ರ್ಯಾಗನ್ ಚರ್ಮ. ಅದು ಮಂತ್ರವನ್ನೂ ತಡೆಯುತ್ತದೆ, ಮಂತ್ರವಾದಿಗಳನ್ನು ಬಿಲ್ಲುಗಾರ ಸೋಲಿಸುವುದು ಅದರಿಂದಲೇ. ಕತ್ತಿಯವನು ಮೈಮೇಲೆ ಬಿದ್ದರೆ ಮಾತ್ರ ಬಿಲ್ಲುಗಾರನಿಗೆ ಕಷ್ಟ.

ಇನ್ನು ಫೈಟ್ ಕೇವ್ಸ್. ಶತ್ರುಗಳು ಅಲೆ ಅಲೆಯಾಗಿ ಮೇಲೆ ಬೀಳುವ ಗುಹೆ ಅದು. 63 ಅಲೆ, ಕೊನೆಯದರಲ್ಲಿ 702ನೇ ಲೆವೆಲ್ಲಿನ ದೈತ್ಯ ಜಾಡ್. 61ನೇ ಲೆವೆಲ್ಲಿಗೆ ರೂನ್ ಕ್ರಾಸ್‌ಬೋ ಎಂಬ ಅಡ್ಡಬಿಲ್ಲು ಸಿಕ್ಕ ಮೇಲೆ, 70ಕ್ಕೆ ಕಪ್ಪು ಚರ್ಮದ ಅಂಗಿ ತೊಟ್ಟು ಹೊರಟೆ. ಪ್ರೇಯರ್ (ಶತ್ರುವಿನ ಏಟು ತಡೆಯುವ ಪ್ರಾರ್ಥನೆಯ ಶಕ್ತಿ) ಹೀರುವ ಪುಟ್ಟ ಟ್ಜ್-ಕಿಹ್‌ಗಳನ್ನು ಮೊದಲು ಮುಗಿಸಬೇಕು. ಆಟಗಾರರು ಇಟಲಿ ಅನ್ನುವ ಬಂಡೆಯೊಂದಿದೆ, ಅದರ ಹಿಂದೆ ನಿಂತು ಕೈಯೇಟಿನ ದೊಡ್ಡವನ್ನು ಸಿಕ್ಕಿಸಬೇಕು. 31ನೇ ಅಲೆಯಿಂದ ಬರುವ ಕೆಟ್-ಝೆಕ್ ಕಂಡರೆ ಮಂತ್ರ ತಡೆಯುವ ಪ್ರೇಯರ್ ಹಚ್ಚಲೇಬೇಕು. ಅಲೆಗಳ ನಡುವೆ ಲಾಗೌಟ್ ಮಾಡಬಹುದಾದ್ದರಿಂದ ಲೋಕಲ್ಲಿನಲ್ಲಿ ಕಂತುಕಂತಾಗಿ ಆಡಿದೆ. ಆಗ ಫಾಸ್ಟ್ ಗಾಡಿಗಳು ದಿವಾ ದಾಟಿ ಪಾರಸಿಕ್ ಸುರಂಗದೊಳಗಿಂದ ಹೋಗುತ್ತಿದ್ದವು. ಒಂದು ಬೆಳಿಗ್ಗೆ ಬಂಡೆಯ ಮರೆಯಲ್ಲಿದ್ದೇನೆಂದು ಪ್ರೇಯರ್ ಉಳಿಸಲು ಅದನ್ನು ಆಫ್ ಮಾಡಿದ್ದೆ. ಗಾಡಿ ಸುರಂಗ ಹೊಕ್ಕಿತು, ಸಿಗ್ನಲ್ ಸತ್ತಿತು. ಠಾಣೆಯ ಬೆಳಕು ಬಿದ್ದು ಆಟ ಮತ್ತೆ ತೆರೆದಾಗ ನಾನು ಸತ್ತು ಗುಹೆಯ ಬಾಗಿಲಲ್ಲಿದ್ದೆ. ಸಾಮಾನು ಹೋಗುವುದಿಲ್ಲ, ಹೋದದ್ದು ಮೂರು ದಿನದ ಅಲೆಗಳು. ದಾದರ್‌ವರೆಗೂ ಮೊಬೈಲ್ ಜೇಬಿನಿಂದ ತೆಗೆಯಲಿಲ್ಲ.

ಮುಂದಿನ ಸಲ ಮನೆಯಲ್ಲೇ, ಭಾನುವಾರ. ಅಮ್ಮ ನೀರುದೋಸೆ ಹೊಯ್ಯುತ್ತಿದ್ದರು, ಭಾವ ಬಂದಿದ್ದ. ಎರಡು ಗಂಟೆ ಕಳೆದು 63ನೇ ಅಲೆ. ಜಾಡ್‌ಗೆ 250 ಹಿಟ್‌ಪಾಯಿಂಟ್, ತಡೆಯದೆ ಬಿಟ್ಟರೆ ಒಂದೇ ಏಟು 97ರವರೆಗೆ. ದೂರ ನಿಂತವರಿಗೆ ಅದು ಎರಡೇ ಬಗೆಯಲ್ಲಿ ಹೊಡೆಯುತ್ತದೆ. ಮುಂಗಾಲೆತ್ತಿ ಹಿಂದಕ್ಕೆ ವಾಲಿ ನಿಂತರೆ ಬೆಂಕಿ, ಮಂತ್ರದ ಪ್ರೇಯರ್. ಮುಂಗಾಲು ಎರಡನ್ನೂ ನೆಲಕ್ಕೆ ಅಪ್ಪಳಿಸಿದರೆ ತಲೆಯ ಮೇಲೆ ಬಂಡೆ, ಬಾಣದ ಪ್ರೇಯರ್. ಎರಡು ಗುರುತುಗಳೂ ಪರದೆಯ ಮೇಲೆ ಅಕ್ಕಪಕ್ಕ. ಏಟಿಗೂ ಏಟಿಗೂ ನಡುವೆ 8 ಟಿಕ್, 4.8 ಸೆಕೆಂಡ್. ಭಾವ ಪಕ್ಕದಲ್ಲಿ "ಬೆಂಕಿ... ಬಂಡೆ... ಬೆಂಕಿ" ಎಂದು ಕೂಗತೊಡಗಿದ.

"ಭಾವ, ಒಂಚೂರು ಸುಮ್ನಿರು," ಅಂದೆ. ಅವನ ದನಿ ಕಿವಿಗೆ ಬೀಳುವಷ್ಟರಲ್ಲಿ ಒಂದು ಟಿಕ್ ಕಳೆದಿರುತ್ತಿತ್ತು. ಕಣ್ಣಿಂದ ನೇರ ಹೆಬ್ಬೆರಳಿಗೆ ಬರಬೇಕು, ನಡುವೆ ಮಾತು ಬರಬಾರದು.

ಮೊದಲು ಮಾಣಿಕ್ಯದ ಬೋಲ್ಟ್ (ಅಡ್ಡಬಿಲ್ಲಿನ ಬಾಣ) ಹೂಡಿದ್ದೆ. ಅದರ ಮಂತ್ರ ಫಲಿಸಿದರೆ ಗುರಿಯ ಉಳಿದ ಜೀವದಲ್ಲಿ 5ರಲ್ಲಿ 1 ಪಾಲು ಹೋಗುತ್ತದೆ, ನಮ್ಮದರಲ್ಲಿ 10ರಲ್ಲಿ 1. ಜೀವ ತುಂಬಿದ್ದಾಗಲೇ ಅದಕ್ಕೆ ಬೆಲೆ. ಒಂದು ಸಲ ಫಲಿಸಿತು, ಪರದೆಯ ಮೇಲೆ 50 ಎದ್ದಿತು. ಅರ್ಧಕ್ಕೆ ಇಳಿಯುವಾಗ ವಜ್ರದ ಬೋಲ್ಟಿಗೆ ಬದಲಿಸಿದೆ, ಅದು ಫಲಿಸಿದಾಗ ಶತ್ರುವಿನ ರಕ್ಷಣೆ ಲೆಕ್ಕಕ್ಕೆ ಬರುವುದಿಲ್ಲ. ಅರ್ಧಕ್ಕೆ ಇಳಿದ ಕೂಡಲೇ ನಾಲ್ವರು ಶುಶ್ರೂಷಕರು ಬಂದು ಜಾಡ್‌ನ ಗಾಯ ಮಾಯಿಸತೊಡಗಿದರು. ಒಬ್ಬೊಬ್ಬರಿಗೂ ಒಂದೊಂದು ಬೋಲ್ಟ್ ಬಿಟ್ಟರೆ ಜಾಡನ್ನು ಬಿಟ್ಟು ನಮ್ಮ ಕಡೆ ತಿರುಗುತ್ತಾರೆ. ಬಹಳ ಜನ ಸಾಯುವುದು ಇಲ್ಲೇ, ಅವರನ್ನು ನೋಡುತ್ತಾ ಜಾಡ್‌ನ ಕಾಲು ಮರೆಯುತ್ತಾರೆ. ನಾನು ಒಂದು ಏಟು ತಡೆದೆ, ಒಬ್ಬನಿಗೆ ಬಿಟ್ಟೆ, ಮತ್ತೆ ಜಾಡ್‌ನ ಕಾಲು ನೋಡಿದೆ. ಆಮೇಲೆ ಎರಡನೆಯವನು. ನಾಲ್ವರೂ ನನ್ನ ಮೈಗೆ ಅಂಟಿಕೊಂಡು ಬಡಿಯುತ್ತಿದ್ದರು, ಬಡಿಯಲಿ ಎಂದು ಬಿಟ್ಟೆ. ಕಣ್ಣು ಆ ಎರಡು ಕಾಲುಗಳ ಮೇಲೇ ಇತ್ತು.

ಜಾಡ್ ಕುಸಿದಾಗ ಭಾವ ನನ್ನ ಬೆನ್ನಿಗೆ ಹೊಡೆದ ಪೆಟ್ಟಿಗೆ ಮೊಬೈಲ್ ದೋಸೆ ತಟ್ಟೆಗೆ ಬಿತ್ತು.

ಸಿಕ್ಕಿದ್ದು ಫೈರ್ ಕೇಪ್ ಅನ್ನುವ ಬೆನ್ನ ಹೊದಿಕೆ. ಉರಿಯುವ ಲಾವಾದಂತಿರುವ ಅದು ನೋಡಲು ಬಹಳ ಚಂದ, ಆದರೆ ಅದರ ಬಲವೆಲ್ಲ ಕತ್ತಿಯವರಿಗೆ. ಒಂದು ದಿನ ತೊಟ್ಟು ಓಡಾಡಿ ಬ್ಯಾಂಕಿನಲ್ಲಿಟ್ಟೆ. ಮಂಗಳವಾರ ಬೆಳಿಗ್ಗೆ ಮತ್ತೆ ಕೋಳಿಯನ್ನು ಬೆನ್ನಿಗೆ ಕಟ್ಟಿಕೊಂಡು ಟ್ಯಾವರ್ಲಿಯ ನೀಲಿ ಡ್ರ್ಯಾಗನ್ನುಗಳ ಮುಂದೆ, ನನ್ನ ಮಾಮೂಲಿ ಸಂದಿಯಲ್ಲಿ ನಿಂತೆ. ಎರಡು ಚರ್ಮ ಸಿಗುವಷ್ಟರಲ್ಲಿ ದಿವಾ ಬಂತು. ಸುರಂಗಕ್ಕೆ ಮೊದಲೇ ಲಾಗೌಟ್ ಮಾಡಿದೆ.