ಥೈರಾಯ್ಡ್ ರಿಪೋರ್ಟ್: ಅಂಕಿಗಿಂತ ಮೊದಲು ನಾನು ನೋಡುವುದು

ಶಿರಸಿಯ ಲ್ಯಾಬ್ ಕೌಂಟರಿನಲ್ಲಿ ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣೂ ದಪ್ಪಕ್ಷರದ ಟಿಎಸ್‌ಎಚ್ ಮೇಲೆ, ಅಂದರೆ ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಎನ್ನುವ ಹಾರ್ಮೋನಿನ ಮೇಲೆ. ನಾನು ಮೊದಲು ಓದುವುದು ಪಕ್ಕದಲ್ಲಿರುವ ಮಿತಿಯನ್ನು. ಸಾಮಾನ್ಯವಾಗಿ ಅದು 0.4ರಿಂದ 4ರ ಆಸುಪಾಸು. ಲ್ಯಾಬಿನ ಪರೀಕ್ಷಾ ಕಿಟ್ ಬದಲಾದರೆ ಮೇಲಿನ ಮಿತಿ 4.2 ಇರಬಹುದು, 4.9 ಕೂಡ ಇರಬಹುದು. ಇಲ್ಲೊಮ್ಮೆ, ಹುಬ್ಬಳ್ಳಿಯಲ್ಲೊಮ್ಮೆ, ಮಣಿಪಾಲದಲ್ಲೊಮ್ಮೆ ತೆಗೆಸಿದ ರಿಪೋರ್ಟ್‌ಗಳನ್ನು ಸಾಲಾಗಿ ಇಟ್ಟರೆ ಸಣ್ಣ ಏರಿಳಿತ ಕಂಡೇ ಕಾಣುತ್ತದೆ. ಥೈರಾಯ್ಡ್ ತಯಾರಿಸುವ ಹಾರ್ಮೋನು ಫ್ರೀ ಟಿ4 (ಮುಂದೆ ಬರೀ ಟಿ4) ಒಂದರಲ್ಲಿ 1.2, ಇನ್ನೊಂದರಲ್ಲಿ 15.4 ಎಂದಿದ್ದರೂ ಗಾಬರಿ ಬೇಡ. ಮೊದಲನೆಯದು ನ್ಯಾನೋಗ್ರಾಮ್ ಲೆಕ್ಕ, ಎರಡನೆಯದು ಪಿಕೋಮೋಲ್, ಮೊದಲನೆಯದನ್ನು 12.87ರಿಂದ ಗುಣಿಸಿದರೆ ಎರಡೂ ಒಂದೇ.

ಟಿಎಸ್‌ಎಚ್ ಥೈರಾಯ್ಡ್‌ನಿಂದ ಬರುವುದಲ್ಲ, ಮಿದುಳಿನ ಬುಡದ ಪಿಟ್ಯುಟರಿಯಿಂದ ಬರುವುದು. ಗ್ರಂಥಿ ಸೋತಷ್ಟೂ ಅದು ಏರುತ್ತದೆ. ಹಾಗಾಗಿ ಟಿಎಸ್‌ಎಚ್ ಹೆಚ್ಚು, ಟಿ4 ಕಡಿಮೆ ಎಂದರೆ ಹೈಪೋ, ಥೈರಾಯ್ಡ್ ಕೆಲಸ ಸಾಲದು. ತಿರುಗಾಮುರುಗಾ ಇದ್ದರೆ ಹೈಪರ್, ಕೆಲಸ ಅತಿಯಾಗಿದೆ. ತೊಡಕು ನಡುವಿನವರದ್ದು. ಟಿಎಸ್‌ಎಚ್ 7, ಟಿ4 ಸರಿಯಾಗಿದೆ ಎಂದರೆ ಅವತ್ತೇ ಥೈರಾಯ್ಡ್ ಮಾತ್ರೆ ಶುರುಮಾಡುವ ಅವಸರ ಸಾಮಾನ್ಯವಾಗಿ ಇರುವುದಿಲ್ಲ. ಎರಡು ಮೂರು ತಿಂಗಳು ಬಿಟ್ಟು, ಆಂಟಿ ಟಿಪಿಒ (ದೇಹವೇ ಥೈರಾಯ್ಡ್ ವಿರುದ್ಧ ತಿರುಗಿದೆಯೇ ಎಂದು ತೋರಿಸುವ ಪರೀಕ್ಷೆ) ಸೇರಿಸಿ ಮತ್ತೆ ನೋಡುತ್ತಾರೆ. ಗರ್ಭಿಣಿಯರಿಗೆ ಈ ಲೆಕ್ಕ ಸಲ್ಲ, ಅವರು ಕಾಯದೆ ವೈದ್ಯರಿಗೆ ತೋರಿಸಬೇಕು. ನನಗೆ ಹೆಚ್ಚು ಅಂಜಿಕೆ ಹುಟ್ಟಿಸುವ ರಿಪೋರ್ಟ್ ಬೇರೆ: ಟಿಎಸ್‌ಎಚ್ ಮಿತಿಯೊಳಗೇ ಇದ್ದು ಟಿ4 ಕಡಿಮೆ. ಇದು ಪಿಟ್ಯುಟರಿಯದೇ ತೊಂದರೆ ಇರಬಹುದು. ಟಿಎಸ್‌ಎಚ್ ಒಂದನ್ನೇ ಮಾಡಿಸಿದವರಲ್ಲಿ ಇದು ತಪ್ಪಿಹೋಗುತ್ತದೆ.

ಮಾತ್ರೆ ತೆಗೆದುಕೊಳ್ಳುವವರ ಟಿಎಸ್‌ಎಚ್ ಏರಿದ್ದರೆ, ಡೋಸ್ ಸಾಲದು ಅನ್ನುವ ಮೊದಲು ಬೆಳಗ್ಗಿನ ಪದ್ಧತಿ ಕೇಳಬೇಕು. ನಮ್ಮ ಕಡೆ ಎದ್ದ ಕೂಡಲೇ ಹಾಲು ಹಾಕಿದ ಕಷಾಯ ಬೇಕು, ಮಾತ್ರೆಯೂ ಅದರ ಜೊತೆಗೇ ಇಳಿಯುತ್ತದೆ. ಹಾಲಿನ ಕ್ಯಾಲ್ಸಿಯಂ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದಿಡುತ್ತದೆ. ಬರೀ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಷಾಯ, ದೋಸೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ. ಬಾಟಲಿಯಿಂದ ತೆಗೆದು ವಾರದ ಡಬ್ಬಿಗೆ ತುಂಬಿಟ್ಟ ಮಾತ್ರೆ ಮಳೆಗಾಲದಲ್ಲಿ ತೇವ ಹಿಡಿದು ಸತ್ವ ಕಳೆದುಕೊಳ್ಳಬಹುದು, ಬಾಟಲಿಯಲ್ಲೇ ಇರಲಿ.

ಟಿಎಸ್‌ಎಚ್ ಹೆಚ್ಚಿದ್ದು, ಟಿ4 ಸರಿಯಾಗಿಯೋ ಮೇಲೋ ಇದ್ದರೆ ನನ್ನ ಮೊದಲ ಅನುಮಾನ: ತಿಂಗಳಿಡೀ ಮರೆತು, ರಕ್ತ ಕೊಡುವ ವಾರದಲ್ಲಿ ಮಾತ್ರ ನಿಯಮವಾಗಿ ನುಂಗಿದ್ದಾರೆ. ಟಿ4 ಬೇಗ ಏರುತ್ತದೆ, ಟಿಎಸ್‌ಎಚ್ ಇಳಿಯಲು ಆರು ವಾರ ಬೇಕು. ಡೋಸ್ ಬದಲಿಸಿದ ಮೇಲೂ ಅಷ್ಟೇ ಕಾಯಬೇಕು. ಹದಿನೈದು ದಿನಕ್ಕೆ ಓಡಿಬಂದರೆ ದುಡ್ಡು ದಂಡ. ಪರೀಕ್ಷೆಯ ದಿನ ರಕ್ತ ಕೊಟ್ಟ ಮೇಲೆ ಮಾತ್ರೆ.

ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ತೆಗೆದುಕೊಳ್ಳುವವರು ಅದನ್ನು ಪರೀಕ್ಷೆಗೆ ಎರಡು ದಿನ ಮೊದಲೇ ನಿಲ್ಲಿಸಬೇಕು. ಕೆಲವು ಕಿಟ್‌ಗಳಲ್ಲಿ ಅದು ಟಿಎಸ್‌ಎಚ್ ಇಳಿಸಿ, ಟಿ4 ಏರಿಸಿ ತೋರಿಸುತ್ತದೆ. ಇಲ್ಲದ ಹೈಪರ್ ಕಾಗದದ ಮೇಲೆ ಹುಟ್ಟುತ್ತದೆ. ಇನ್ನು ಆಂಟಿ ಟಿಪಿಒ ಒಮ್ಮೆ ಪಾಸಿಟಿವ್ ಬಂದರೆ ಸಾಕು, ಪ್ರತಿ ಸಲ ಮಾಡಿಸುವುದರಲ್ಲಿ ಅರ್ಥವಿಲ್ಲ. ಆ ಅಂಕಿ ಏರಿದರೂ ಇಳಿದರೂ ಡೋಸ್ ಬದಲಾಗುವುದಿಲ್ಲ.